ಘಟ್ಟ ಹತ್ತಿ ಬಂದ ಅಲ್ಯೂಮಿನಿಯಂ ದೋಣಿ

ಮೀನುಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದವರು ಯಾರಾದರೂ ಮನೆಗೆ ಬಂದರೆ ನಾನು ಮೊದಲು ಕೇಳುವುದು, "ಈಜು ಬರುತ್ತೇನಪ್ಪಾ?" ಎಂದು. ಬಹಳ ಜನ ನಕ್ಕು ಸುಮ್ಮನಾಗುತ್ತಾರೆ. ನಾನು ಸೇರಿದಾಗ ನನಗೂ ಬರುತ್ತಿರಲಿಲ್ಲ. ಈಜು ಹೋಗಲಿ, ಮೀನು ತಿನ್ನುವುದೂ ಗೊತ್ತಿರಲಿಲ್ಲ. ನಮ್ಮದು ಶಿಕಾರಿಪುರದಲ್ಲಿ ಬೆಲ್ಲ, ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಲಿಂಗವಂತರ ಮನೆ. ಕೆಲಸದ ಆರ್ಡರು ಕೈಗೆ ಬಂದ ದಿನ ನಮ್ಮ ಅಜ್ಜಿ ಅದನ್ನು ಮುಟ್ಟದೆ ದೂರದಿಂದಲೇ ನೋಡಿ, "ಕೊಲ್ಲೋ ಕೆಲಸ ಏನೋ ಚನ್ನಬಸಪ್ಪಾ?" ಎಂದು ಕೇಳಿದ್ದಳು. "ಇಲ್ಲಜ್ಜಿ, ಕೆರೆಗೆ ಮರಿ ಬಿಡೋ ಕೆಲಸ" ಎಂದೆ. "ಮರಿ ಬಿಟ್ಟು?" ಎಂದಳು. ನಾನು ಆರ್ಡರು ಮಡಚಿ ಜೇಬಿಗೆ ಹಾಕಿಕೊಂಡೆ.

ಬಡ್ತಿಗಳ ಕಥೆ ಬರೆಯುವುದಿಲ್ಲ. ಅವು ಎಲ್ಲರಿಗೂ ಸಿಕ್ಕುವ ಹಾಗೆ ನನಗೂ ತಡವಾಗಿ ಸಿಕ್ಕವು. ಬರೆಯಬೇಕಾದದ್ದು ಒಂದು ದೋಣಿಯ ಕಥೆ. ನನ್ನ ಕೆಲಸವನ್ನೂ ನನ್ನ ಮದುವೆಯನ್ನೂ ಒಟ್ಟೊಟ್ಟಿಗೆ ನೀರಿಗಿಳಿಸಿ, ಎರಡೂ ತೇಲುತ್ತವೋ ಮುಳುಗುತ್ತವೋ ಎಂದು ನೋಡಿದ ದೋಣಿ ಅದು.

ಆಗ ರಾಜ್ಯ ಒಂದಾಗಿ ಸ್ವಲ್ಪ ದಿನವಾಗಿತ್ತು. ಕರಾವಳಿಯ ಜಿಲ್ಲೆಗಳು ನಮ್ಮ ಜೊತೆ ಸೇರಿದ್ದರಿಂದ ಅಲ್ಲಿನ ಅಧಿಕಾರಿಗಳು ಬಯಲುಸೀಮೆಗೂ ಮಲೆನಾಡಿಗೂ ವರ್ಗವಾಗಿ ಬರತೊಡಗಿದ್ದರು. ನಮಗೆ ಬಂದವರು ಡಿಸೋಜ ಸಾಹೇಬರು. ಎತ್ತರದ ಆಳು, ಸದಾ ಮೊಣಕಾಲ ತನಕ ಮಡಚಿದ ಪ್ಯಾಂಟು. ಸಮುದ್ರ ಬಿಟ್ಟು ಬಂದ ದುಃಖ ಅವರಿಗೆ ಎಷ್ಟಿತ್ತೆಂದರೆ, ಶಿಕಾರಿಪುರದ ಹತ್ತಿರ ನಾವು ಕೆರೆ ಎಂದೇ ಕರೆಯುವ ಅಂಜನಾಪುರ ಕಟ್ಟೆಯ ಹಿನ್ನೀರಿಗೂ ಅವರು ಸಮುದ್ರದ ಮಾತನ್ನೇ ಬಳಸುತ್ತಿದ್ದರು. ದಡದ ಹತ್ತಿರದ ನೀರು 'ಇನ್‌ಶೋರ್', ನಡುಮಧ್ಯದ ಆಳದ ನೀರು 'ಆಫ್‌ಶೋರ್'. "ದೊಡ್ಡ ಮೀನು ಎಲ್ಲ ಆಫ್‌ಶೋರಿನಲ್ಲಿ ಉಂಟು ಮಾರಾಯ. ನೀವು ಇಲ್ಲಿ ಕಾಲು ತೊಳೆಯುವ ನೀರಿನಲ್ಲಿ ಬಲೆ ಹಾಕಿ ಕೂತಿದ್ದೀರಿ" ಎಂದು ಬಂದ ವಾರದಲ್ಲೇ ಗೇಲಿ ಮಾಡಿದರು.

ಮಾತು ಸುಳ್ಳಾಗಿರಲಿಲ್ಲ. ನಾವು ಬಿಟ್ಟ ಕಾಟ್ಲಾ ಮರಿಗಳು ಬೆಳೆದು ಆಳಕ್ಕೆ ಹೋಗಿ ಸೇರಿದ್ದವು. ಹಿನ್ನೀರಿನ ದಂಡೆಯ ಮೀನುಗಾರರ ಬಳಿ ಇದ್ದದ್ದು ಬಿದಿರಿನ ಹರಿಗೋಲುಗಳು. ಕಟ್ಟೆ ಕಟ್ಟುವ ಕಾಲದಲ್ಲಿ ಮುಳುಗಿದ ಮರಗಳ ಕೂಳೆಗಳು ನೀರಿನೊಳಗೆ ಹಲ್ಲು ಕಿರಿದು ನಿಂತಿದ್ದವು. ಹರಿಗೋಲು ಅದಕ್ಕೆ ತಾಗಿದರೆ ತಳದ ತೊಗಲು ಹರಿಯುತ್ತಿತ್ತು. ಗಾಳಿ ಎದ್ದರಂತೂ ಬುಗುರಿಯಂತೆ ತಿರುಗಿಬಿಡುತ್ತಿತ್ತು. ಹಾಗಾಗಿ ನಡುನೀರಿಗೆ ಯಾರೂ ಹೋಗುತ್ತಿರಲಿಲ್ಲ.

ಆ ವರ್ಷ ಇದೇ ಕುತ್ತಿಗೆಗೆ ಬಂತು. ಹೊರಗಿನ ಗುತ್ತಿಗೆದಾರನೊಬ್ಬ ಹಿನ್ನೀರಿನ ಮೀನಿನ ಹಕ್ಕು ತನಗೇ ಕೊಡಬೇಕೆಂದು ಅರ್ಜಿ ಹಾಕಿದ. ಇಲ್ಲಿನವರಿಗೆ ಆಳದ ಮೀನು ಹಿಡಿಯಲು ಬರುವುದಿಲ್ಲ, ಮೀನು ಮುದಿಯಾಗಿ ಸಾಯುತ್ತದೆ ಎಂಬುದು ಅವನ ವಾದ. ಅಮಲ್ದಾರರು ನ್ಯಾಯಸ್ಥರು. "ಬೇಸಿಗೆ ಮುಗಿಯೋದ್ರೊಳಗೆ ಇಬ್ಬರೂ ನನ್ನೆದುರಿಗೆ ನಡುನೀರಿಗೆ ಹೋಗಿ ಹಿಡಿದು ತೋರಿಸಿ. ಯಾರಿಗೆ ಆಗುತ್ತೋ ಕೆರೆ ಅವರದ್ದು" ಎಂದರು.

ಮೀನುಗಾರರ ಸಂಘದ ಮುಖಂಡ ದುರ್ಗಪ್ಪ ನನ್ನ ಆಫೀಸಿನ ಮೆಟ್ಟಿಲ ಮೇಲೆ ಬಂದು ಕೂತ. ಗಿಡ್ಡ ಮೈಕಟ್ಟು, ದೊಡ್ಡ ಗಂಟಲು. "ಸಾಹೇಬ್ರ, ಕೆರಿ ಹೋದ್ರ ನಾವು ಎಲ್ಲಿಗೆ ಹೋಗಾಣ್ರೀ? ನಮ್ಮ ಕೇರ್ಯಾಗ ಒಬ್ಬರಿಗಾದ್ರೂ ಹೊಲ ಐತೇನ್ರೀ?" ಎಂದ. ಡಿಸೋಜ ಸಾಹೇಬರು ಒಳಗಿನಿಂದ ಕೂಗಿದರು: "ಅಲ್ಯೂಮಿನಿಯಂ ದೋಣಿ ತನ್ನಿ ಮಾರಾಯ! ಹೊನ್ನಾವರದಲ್ಲಿ ಮಾಡ್ತಾರೆ. ಕಡಲಿಗೆ ಹೋಗುವ ದೋಣಿ. ನಿಮ್ಮ ಕೂಳೆಗೆ ಹೆದರುವುದಿಲ್ಲ." ಅರ್ಧ ಖರ್ಚು ಸರ್ಕಾರದ್ದು, ಅರ್ಧ ಸಂಘದ್ದು, ದೋಣಿ ಸಂಘದ ಸ್ವಂತ ಎಂದು ತೀರ್ಮಾನವಾಯಿತು.

ನಾವು ಮೂವರೂ ಘಟ್ಟ ಇಳಿದೆವು. ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ಮರಳ ಮೇಲೆ ಒಂದು ತೆಂಗಿನಗರಿಯ ಚಪ್ಪರ. ಅದರಡಿ ಮುಂಬಯಿಯ ಹಡಗು ಕಟ್ಟುವ ಡಾಕಿನಲ್ಲಿ ಕೆಲಸ ಕಲಿತು ಬಂದ ಮೇಸ್ತ್ರಿ ರಿವೆಟ್ಟು ಹೊಡೆಯುತ್ತಿದ್ದ. ತಯಾರಾಗಿದ್ದವು ಮೂರು ದೋಣಿ. ಮೊದಲನೆಯದು ಕನ್ನಡಿಯಂತೆ ಹೊಳೆಯುತ್ತಿತ್ತು. ದುರ್ಗಪ್ಪ ಅದನ್ನು ಕಂಡ ಕೂಡಲೇ ಮದುವಣಗಿತ್ತಿ ಕಂಡವನಂತೆ ನಿಂತುಬಿಟ್ಟ. "ಇದನ್ನ ಒಯ್ಯಾಣ್ರೀ ಸಾಹೇಬ್ರ. ಏನ್ ಹೊಳೀತೈತಿ!"

ಇಲ್ಲಿ ಹೊಸಬರು ಸ್ವಲ್ಪ ಗಮನ ಕೊಡಬೇಕು. ಅಲ್ಯೂಮಿನಿಯಂ ದೋಣಿಯ ಹೊಳಪು ನೋಡಿ ಮರುಳಾಗಬೇಡಿ. ಹೊಳೆಯುವುದು ತೆಳುವಾದ ತಗಡು, ಪಾತ್ರೆಯ ತಗಡಿನ ಅಣ್ಣ ಅಷ್ಟೇ. ತಳದ ಮೇಲೆ ಹೆಬ್ಬೆರಳಿಟ್ಟು ಮೈಭಾರ ಹಾಕಿ ಒತ್ತಿ. ಒಳಗೆ ಹೋಗಿ 'ಡಬ್' ಎಂದು ವಾಪಸು ಬಂದರೆ ಅಲ್ಲಿಂದ ಎದ್ದು ಬನ್ನಿ. ದಪ್ಪ ಪ್ಲೇಟು ಮಂಕಾಗಿ, ಬೂದಿ ಬಣ್ಣಕ್ಕಿರುತ್ತದೆ, ಒತ್ತಿದರೆ ನಿಮ್ಮ ಬೆರಳೇ ನೋಯುತ್ತದೆ. ಆಮೇಲೆ ದೋಣಿಯೊಳಗೆ ನೀರು ತುಂಬಿಸಿ ಹೊರಗಿನಿಂದ ರಿವೆಟ್ಟುಗಳ ಸಾಲನ್ನು ಕೈಯಿಂದ ಸವರಿಕೊಂಡು ಹೋಗಿ. ಎಲ್ಲಿ ಬೆರಳು ಒದ್ದೆಯಾಯಿತೋ ಅಲ್ಲಿ ಮೇಸ್ತ್ರಿಯ ಮುಖ ನೋಡಿ. ಒಳ್ಳೆಯ ಮೇಸ್ತ್ರಿ ಸುತ್ತಿಗೆ ತೆಗೆದುಕೊಳ್ಳುತ್ತಾನೆ, ಕೆಟ್ಟವನು ಮಾತಿಗೆ ತೊಡಗುತ್ತಾನೆ.

ಇದನ್ನೆಲ್ಲ ನಾನು ಕಲಿತದ್ದು ಓದಿ ಅಲ್ಲ, ಆ ದಿನ ಅಳಿವೆಯಾಚೆ ಹೋಗಿ ವಾಂತಿ ಮಾಡಿಕೊಂಡು. ಡಿಸೋಜ ಸಾಹೇಬರು ಒಂದೊಂದೇ ದೋಣಿಯಲ್ಲಿ ನಮ್ಮನ್ನು ಕಡಲಿಗೆ ಒಯ್ದರು. ಹೊಳೆಯುವ ದೋಣಿಯ ತಳ ಒಂದೊಂದು ಅಲೆಗೂ ಡಬ್ ಡಬ್ ಎಂದು ಉಸಿರಾಡಿತು. ದುರ್ಗಪ್ಪನ ಪ್ರೀತಿ ಅಲ್ಲೇ ಇಳಿಯಿತು. ಎರಡನೆಯದು ಸಾಹೇಬರ ಮೆಚ್ಚಿನದು. ದಪ್ಪ ಪ್ಲೇಟು, ತಳ ಕೊಡಲಿಯ ಬಾಯಿಯಂತೆ ಚೂಪು. ಯಾರೋ ದೂರದ ಕಡಲಿಗೆ ಹೋಗುವ ಮಾಲೀಕರಿಗೆಂದು ಮಾಡಿದ್ದಂತೆ. ಅಲೆಯನ್ನು ಸೀಳಿಕೊಂಡು ಹೋಗುವಾಗ ನಿಜವಾಗಿಯೂ ಅಂದವಾಗಿತ್ತು. ಸಾಹೇಬರ ಮುಖದಲ್ಲಿ ತವರಿಗೆ ಬಂದ ಸಂತೋಷ.

"ನಿಲ್ಲಿಸ್ರೀ ಸ್ವಲ್ಪ, ಬಲಿ ಎಳದು ನೋಡ್ತೀನಿ" ಎಂದ ದುರ್ಗಪ್ಪ. ದೋಣಿ ನಿಂತಿತು. ಅವನು ಒಂದು ಬದಿಗೆ ಬಾಗಿ, ಬಲೆ ಎಳೆಯುವವನಂತೆ ಭಾರ ಹಾಕಿದ. ಚೂಪು ತಳದ ದೋಣಿ ನಿಂತಾಗ ಸುಲಭಕ್ಕೆ ಓಲುತ್ತದೆ. ಅದೂ ಅವನ ಜೊತೆ ಬಾಗಿತು. ಮರುಕ್ಷಣ ದುರ್ಗಪ್ಪ ಅರಬ್ಬೀ ಸಮುದ್ರದಲ್ಲಿದ್ದ. ಅವನಿಗೆ ಈಜು ಮೀನಿನಷ್ಟೇ ಸಲೀಸು, ಆದರೆ ತಲೆ ಮೇಲೆತ್ತಿದವನ ಮುಖದಲ್ಲಿ ನಾನು ಹಿಂದೆಂದೂ ಕಾಣದ ಗಾಬರಿ.

"ಏನಾಯ್ತೋ?" ಎಂದು ಕೂಗಿದೆ.

"ಉಪ್ಪು ಅಂತ ಕೇಳಿದ್ದೆ ಸಾಹೇಬ್ರ, ಇಷ್ಟೊಂದು ಯಾರು ಹಾಕ್ಯಾರ್ರೀ ಇದಕ್ಕ!"

ಸಾಹೇಬರು ನಗು ತಡೆಯಲಾರದೆ ಹುಟ್ಟನ್ನೇ ಬಿಟ್ಟರು. ನಾನು ಇನ್ನೊಂದು ಬದಿಗೆ ವಾಂತಿ ಮಾಡುತ್ತಿದ್ದೆ. ದಡಕ್ಕೆ ಬಂದ ಮೇಲೂ ಸಾಹೇಬರಿಗೆ ಆ ಚೂಪು ದೋಣಿಯೇ ಬೇಕು, ದುರ್ಗಪ್ಪನಿಗೆ ಊಟದ ತಟ್ಟೆಯಂತೆ ಚಪ್ಪಟೆ ತಳದ್ದು ಬೇಕು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಮೂರನೆಯದನ್ನು ತೋರಿಸಿದೆ. ದಪ್ಪ ಪ್ಲೇಟು, ಮೂತಿಯ ಕಡೆ ಸ್ವಲ್ಪ ಚೂಪು, ನಡುವಿನಿಂದ ಹಿಂದಕ್ಕೆ ಅಗಲವಾಗಿ ಕೂತ ತಳ. ಅಲೆಗೂ ಆಗುತ್ತದೆ, ಬದಿಯಲ್ಲಿ ನಿಂತು ಬಲೆ ಎಳೆದರೂ ಮಗುಚುವುದಿಲ್ಲ. ಸಾಹೇಬರು ಸುತ್ತ ಎರಡು ಸುತ್ತು ಬಂದು, "ಅಂದ ಇಲ್ಲ. ಆದರೆ ನೀನು ಹೇಳುವುದು ಸರಿ" ಎಂದರು. ಮೇಲಧಿಕಾರಿಯ ಬಾಯಿಂದ ಈ ಮಾತು ನನ್ನ ಕೆಲಸದ ಉದ್ದಕ್ಕೂ ಹೆಚ್ಚು ಸಲ ಕೇಳಿದ್ದಿಲ್ಲ.

ಇನ್ನು ಮದುವೆಯ ವಿಷಯ. ಸೊರಬದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ವೀರಭದ್ರಪ್ಪನವರ ಮಗಳು ಪಾರ್ವತಿಯನ್ನು ನನಗೆ ನಿಶ್ಚಯ ಮಾಡಿದ್ದರು. ಮಾತುಕತೆ ನಡೆಸಿದ್ದು ನನ್ನ ಸೋದರಮಾವ. ಹುಡುಗನ ಕೆಲಸ ಏನು ಎಂದು ಅವರು ಕೇಳಿದಾಗ ಮಾವ, "ಸರ್ಕಾರಿ. ಕೆರೆ ಇಲಾಖೆ" ಎಂದಿದ್ದ. ವೀರಭದ್ರಪ್ಪನವರು ನಾನು ತೂಬು, ಕಾಲುವೆ ನೋಡಿಕೊಳ್ಳುವವನು ಎಂದುಕೊಂಡಿದ್ದರು. ಮಾವನನ್ನು ತಿದ್ದಲು ಹೋದಾಗ ಅವನು, "ಮದುವೆ ಆಗ್ಲಿ ಬಿಡೋ, ನಿಧಾನಕ್ಕೆ ಹೇಳಾಣಂತೆ" ಎಂದು ನನ್ನ ಬಾಯಿ ಮುಚ್ಚಿಸಿದ್ದ.

ದೋಣಿಯನ್ನು ಗೇರುಸೊಪ್ಪೆ ಘಟ್ಟದ ಮೇಲೆ ಲಾರಿಯಲ್ಲಿ ತಂದೆವು. ಸಾಹೇಬರು ಡ್ರೈವರನ ಪಕ್ಕ, ನಾನೂ ದುರ್ಗಪ್ಪನೂ ದೋಣಿಯೊಳಗೆ. ಚಂದ್ರಗುತ್ತಿಯ ಬಳಿ ದೇವಿಗೆ ನಡೆದುಬಂದ ಭಕ್ತರು ಲಾರಿ ನಿಲ್ಲಿಸಿದರು. ಬೆಳ್ಳಿಯ ತೇರು ಬರುತ್ತಿದೆ ಎಂದು ಯಾರೋ ಹೇಳಿದ್ದರಂತೆ. ಒಬ್ಬ ಮುದುಕಿ ಅದರ ಮೂತಿಗೆ ಭಂಡಾರ ಕುಂಕುಮ ಹಚ್ಚಿ ಕೈ ಮುಗಿದಳು. ದುರ್ಗಪ್ಪ ಅಷ್ಟೇ ಭಕ್ತಿಯಿಂದ ಒಳಗೆ ಕೂತು ಆಶೀರ್ವಾದ ಮಾಡಿದ.

ಸೊರಬದ ಪೇಟೆಯ ನಡುವೆ ಲಾರಿಯ ರೇಡಿಯೇಟರು ಕುದಿಯಿತು. ನಿಂತದ್ದು ಬೇರೆಲ್ಲೂ ಅಲ್ಲ, ವೀರಭದ್ರಪ್ಪನವರ ಬಟ್ಟೆ ಅಂಗಡಿಯ ಎದುರಿಗೆ. ನಾನು ದೋಣಿಯೊಳಗೆ ಮಲಗಿಬಿಟ್ಟೆ. ಜನ ಸೇರಿದರು.

"ಕೊಪ್ಪರಿಗೆ ಕಣ್ರೋ! ಯಾವುದೋ ಮಠಕ್ಕೆ ಅನ್ನ ಬೇಯ್ಸೋಕೆ ತಂದಾರೆ" ಎಂದ ಒಬ್ಬ.

"ಕೊಪ್ಪರಿಗೆಗೆ ಮೂತಿ ಇರತ್ತೇನೋ?" ಎಂದ ಇನ್ನೊಬ್ಬ.

ದುರ್ಗಪ್ಪನಿಗೆ ಇಷ್ಟು ಜನ ಹಿಂದೆಂದೂ ಸಿಕ್ಕಿರಲಿಲ್ಲ. ಎದ್ದು ನಿಂತು, "ದೋಣಿ ರೀ ಇದು! ಮೀನ್ ಹಿಡಿಯಾ ದೋಣಿ! ನಮ್ಮ ಮೀನಿನ ಸಾಹೇಬ್ರು ಆರಿಸಿ ತಂದಾರ, ಇಲ್ಲೇ ಅದಾರ ನೋಡ್ರೀ" ಎಂದು ನನ್ನ ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಿದ. ಕುಂಕುಮ ಹಚ್ಚಿದ ದೋಣಿಯಲ್ಲಿ, ಇಡೀ ಪೇಟೆಯ ತಲೆಗಳಿಗಿಂತ ಎತ್ತರದಲ್ಲಿ ನಾನು ನಿಂತಿದ್ದೆ. ಅಂಗಡಿಯ ಕಟ್ಟೆಯ ಮೇಲೆ ಗಜಕಡ್ಡಿ ಹಿಡಿದು ವೀರಭದ್ರಪ್ಪನವರು ನಿಂತಿದ್ದರು.

"ಚನ್ನಬಸಪ್ಪನವರಲ್ಲೇನ್ರೀ?" ಎಂದರು.

"ಹೌದ್ರೀ."

"ಎಂತ ಇದು?"

"ದೋಣಿ ರೀ."

"ಅದು ಕೇಳ್ತು. ನಿಮ್ಮದು ಯಾವ ಇಲಾಖೆ ಅಂದ್ರಿ?"

"ಮೀನುಗಾರಿಕೆ ರೀ."

ಅವರು ಗಜಕಡ್ಡಿಯನ್ನು ಬಟ್ಟೆಯ ಮೇಲಿಟ್ಟು ಒಳಗೆ ಹೋದರು. ಮಾರನೆಯ ವಾರ ಸೋದರಮಾವ ಬೆವರು ಒರೆಸಿಕೊಳ್ಳುತ್ತಾ ಬಂದು, ಲಗ್ನಪತ್ರಿಕೆ ಸದ್ಯಕ್ಕೆ ಅಚ್ಚು ಹಾಕಿಸಬೇಡಿ ಎಂದು ಅವರು ಹೇಳಿದ್ದಾರೆ ಎಂದ. ನಮ್ಮ ತಂದೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅಜ್ಜಿ ಮಾತ್ರ, "ದೋಣಿ ಚಂದ ಐತಂತಲ್ಲ" ಎಂದಳು.

ನೀರಿಗಿಳಿಸಲು ಹೋದಾಗ ಇನ್ನೊಂದು ಎಡವಟ್ಟು ಗೊತ್ತಾಯಿತು. ದೋಣಿಗೆ ಹುಟ್ಟುಗಳೇ ಇರಲಿಲ್ಲ. ಕಡಲಲ್ಲಿ ನಾವು ಬಳಸಿದ್ದು ಮೇಸ್ತ್ರಿಯ ಸ್ವಂತದ್ದು, ಅವನು ಅವನ್ನು ಇಟ್ಟುಕೊಂಡಿದ್ದ. ಘಟ್ಟ ಇಳಿದು ಹತ್ತಿದ ಮೂವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಸಾಹೇಬರು ಆಕಾಶ ನೋಡಿದರು, ದುರ್ಗಪ್ಪ ನೆಲ ನೋಡಿದ. ಶಿಕಾರಿಪುರದ ಬಡಗಿಗಳೆಲ್ಲ ನೇಗಿಲು, ಗಾಡಿ ಮಾಡುವವರು, ಸುಗ್ಗಿ ಮುಗಿದು ಗಾಡಿ ರಿಪೇರಿಯಲ್ಲಿ ಮುಳುಗಿದ್ದರು. ಕೊನೆಗೆ ಸೊರಬದ ಗುಡಿಗಾರ ಪುಟ್ಟಪ್ಪ ಒಪ್ಪಿಕೊಂಡ. ಗಂಧದ ಕೆತ್ತನೆಯಲ್ಲಿ ಹೆಸರಾದವನು. ಅವನ ಮನೆ ವೀರಭದ್ರಪ್ಪನವರ ಅಂಗಡಿಯ ಹಿಂದಿನ ಬೀದಿಯಲ್ಲೇ.

ಹುಟ್ಟು ತರಲು ನಾನೇ ಹೋಗಬೇಕಾಯಿತು. ಪುಟ್ಟಪ್ಪ ಅವನ್ನು ಒಳಗಿನಿಂದ ಮಗುವನ್ನು ಎತ್ತಿ ತಂದಂತೆ ತಂದ. ಹಿಡಿಗೆ ಬಳ್ಳಿ ಸುತ್ತಿತ್ತು, ಅಲಗಿನ ಎರಡೂ ಕಡೆ ಹಂಸ. "ಬರೇ ಹಲಗೆ ಕೊಡೋಕೆ ಕೈ ಬರಲಿಲ್ಲ ಕಣ್ರೀ" ಎಂದ. ನಾನು ಹಂಸವನ್ನು ನೋಡುತ್ತಾ ನಿಂತಿದ್ದಾಗ ಒಳಗಿನಿಂದ ಪಾರ್ವತಿ ಬಂದಳು. ಪುಟ್ಟಪ್ಪನ ಹೆಂಡತಿಯ ಹತ್ತಿರ ಅವಳು ಹೊಲಿಗೆ ಕಲಿಯುತ್ತಿದ್ದಳಂತೆ. ಹೆಣ್ಣು ನೋಡಿದ ದಿನ ತಲೆ ತಗ್ಗಿಸಿ ಕೂತವಳು ಈಗ ನೇರವಾಗಿ ಕೇಳಿದಳು:

"ದೋಣೀಲಿ ಕೂತ್ರೆ ತಲೆ ತಿರುಗುತ್ತೇನ್ರೀ?"

"ಸಮುದ್ರದಲ್ಲಿ ತಿರುಗ್ತು. ಕೆರೆಯಲ್ಲಿ ಇಲ್ಲ" ಎಂದೆ.

ಅವಳು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಅಪ್ಪಯ್ಯಂಗೆ ಸಿಟ್ಟು ಮೀನಿಂದಲ್ಲ. ಇಡೀ ಪೇಟೆ ಎದುರಿಗೆ ಗೊತ್ತಾಯ್ತಲ್ಲ, ಅದರದ್ದು. ಅವರಿಗೆ ನಿಮ್ಮ ಕೆಲಸ ಎಂತದು ಅಂತ ಯಾರೂ ಹೇಳೇ ಇಲ್ಲ. ಒಂದು ಸಲ ಕರ್ದು ತೋರ್ಸಿ" ಎಂದಳು.

ನಾನು ಅಂಗಡಿಗೆ ಹೋದೆ. ಹೆಗಲ ಮೇಲೆ ಹಂಸದ ಹುಟ್ಟುಗಳು. ವೀರಭದ್ರಪ್ಪನವರು ಗಿರಾಕಿಗೆ ಪಂಚೆ ಹರಿದುಕೊಡುತ್ತಿದ್ದರು. ಅಮಲ್ದಾರರೆದುರು ಪರೀಕ್ಷೆ ನಡೆಯುವ ದಿನ ಹೇಳಿ, "ನೀವೂ ಬರಬೇಕ್ರೀ" ಎಂದೆ. ಅವರು ನನ್ನನ್ನು ನೋಡಲಿಲ್ಲ, ಹುಟ್ಟನ್ನು ನೋಡಿದರು. "ಪುಟ್ಟಪ್ಪನ ಕೈ" ಎಂದಷ್ಟೇ ಹೇಳಿದರು.

ಪರೀಕ್ಷೆಗೆ ಮೊದಲು ಅಭ್ಯಾಸ ಶುರುವಾಯಿತು, ಅದರ ಜೊತೆ ನಮ್ಮ ಸಂಕಟವೂ. ಬೇಸಿಗೆಯ ಬಿಸಿಲಿಗೆ ಪ್ಲೇಟು ರೊಟ್ಟಿಯ ಹಂಚಾಗುತ್ತಿತ್ತು. ಬರಿಗಾಲಿನ ದುರ್ಗಪ್ಪ ದೋಣಿಯಲ್ಲಿ ಕುಣಿಯುತ್ತಿದ್ದ. ಗೋಣಿಚೀಲ ನೆನೆಸಿ ಹಾಸಿದೆವು. ಅದಕ್ಕಿಂತ ದೊಡ್ಡ ತೊಂದರೆ ಸದ್ದು. ಹರಿಗೋಲು ಬೆಕ್ಕಿನ ಹಾಗೆ ಹೋಗುತ್ತದೆ. ನಮ್ಮ ದೋಣಿಯಲ್ಲಿ ಒಂದು ಬೆಂಕಿಪೊಟ್ಟಣ ಬಿದ್ದರೂ ಗಂಟೆ ಹೊಡೆದಂತೆ. ಬಲೆ ಹಾಕಿದ ಕಡೆಯೆಲ್ಲ ಖಾಲಿ. ಮೂತಿಯ ಕಡೆ ನೀರಲ್ಲಿ ಮೀನು ಓಡಿದ ಗೆರೆ ಮಾತ್ರ ಕಾಣುತ್ತಿತ್ತು.

ಒಂದು ದಿನ ದುರ್ಗಪ್ಪನ ತಾಳ್ಮೆ ಮುಗಿಯಿತು. "ದೋಣಿ ಅಲ್ರೀ ಇದು, ಡೊಳ್ಳು! ಡೊಳ್ಳು ತಗಂಡು ಮೀನ್ ಹಿಡಿಯಾಕ ಬಂದೀವಿ!" ಎಂದು ಸಿಟ್ಟಿನಲ್ಲಿ ಹಂಸದ ಹುಟ್ಟಿನಿಂದ ದೋಣಿಯ ಪಕ್ಕೆಗೆ ಬಾರಿಸಿದ. ದೂರದಲ್ಲಿ ಹಿಂದಿನ ದಿನ ಬಿಟ್ಟಿದ್ದ ಬಲೆಯ ಬೆಂಡುಗಳು ಇದ್ದಕ್ಕಿದ್ದಂತೆ ಮುಳುಗಿ ಎದ್ದವು. ನಾವು ಮೂವರೂ ಅತ್ತ ಕತ್ತು ಚಾಚಿದೆವು. ಡಿಸೋಜ ಸಾಹೇಬರು ಮೆಲ್ಲಗೆ, "ಇನ್ನೊಮ್ಮೆ ಹೊಡಿ" ಎಂದರು. ಹೊಡೆದ. ಬೆಂಡು ಮತ್ತೆ ಮುಳುಗಿತು.

ದೋಣಿ ಕಂಡು ಮೀನು ಓಡಿಹೋಗುತ್ತದೆ ಎಂದು ನಾವು ಅಳುತ್ತಿದ್ದೆವು. ಓಡುವ ದಾರಿಯಲ್ಲಿ ಬಲೆ ಇಟ್ಟರಾಯಿತು ಎಂದು ಯಾರಿಗೂ ಹೊಳೆದಿರಲಿಲ್ಲ. ಅವತ್ತಿನಿಂದ ಕೆಲಸದ ರೀತಿಯೇ ತಿರುಗಿತು. ಮೊದಲು ಗಾಳಿಯಿಲ್ಲದ ಹೊತ್ತು ನೋಡಿ ಸದ್ದಿಲ್ಲದ ಹರಿಗೋಲಿನಲ್ಲಿ ಹೋಗಿ ಉದ್ದಕ್ಕೆ ಬಲೆಯ ಗೋಡೆ ಕಟ್ಟುವುದು, ಆಮೇಲೆ ಎದುರು ಕಡೆಯಿಂದ ದೋಣಿ ಬಾರಿಸುತ್ತಾ ಬರುವುದು. ದುರ್ಗಪ್ಪ ಡೊಳ್ಳಿನ ತಾಳದಲ್ಲೇ ಬಾರಿಸುತ್ತಿದ್ದ. ತಾಳ ತಪ್ಪಿದರೆ ಮೀನು ಬರುವುದಿಲ್ಲ ಎಂಬುದು ಅವನ ನಂಬಿಕೆ. ಸಾಹೇಬರು ಒಪ್ಪಲಿಲ್ಲ, ಆದರೆ ಅವರ ಕಾಲೂ ತಾಳಕ್ಕೆ ಆಡುತ್ತಿತ್ತು.

ಪರೀಕ್ಷೆಯ ದಿನ ಏರಿಯ ಮೇಲೆ ಜಾತ್ರೆಯಷ್ಟು ಜನ. ಈಸೂರಿನಿಂದ ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ಅಮಲ್ದಾರರಿಗೆ ಒಂದು ಕುರ್ಚಿ, ಕೊಡೆ. ಸ್ವಲ್ಪ ದೂರದ ಹುಣಸೆ ಮರದಡಿ ಬಿಳಿ ಪೇಟ ಸುತ್ತಿದ ವೀರಭದ್ರಪ್ಪನವರು, ಬಟ್ಟೆಯ ಗಂಟು ಪಕ್ಕಕ್ಕಿಟ್ಟು, ವ್ಯಾಪಾರಕ್ಕೆ ಬಂದವರು ದಾರಿಯಲ್ಲಿ ನಿಂತ ಹಾಗೆ ನಿಂತಿದ್ದರು. ನನ್ನನ್ನು ಕಂಡರೂ ಕಾಣದ ಹಾಗೆ.

ಗುತ್ತಿಗೆದಾರನ ಆಳುಗಳು ಎರಡು ಹರಿಗೋಲುಗಳಲ್ಲಿ ಮೊದಲು ಹೊರಟರು. ಗಟ್ಟಿಗರು, ದೊಡ್ಡ ಹೊಳೆಯಲ್ಲಿ ಪಳಗಿದವರು. ನಾವು ಇನ್ನೊಂದು ದಿಕ್ಕಿಗೆ ಹೋಗಿ ಹರಿಗೋಲಿನಿಂದ ಬಲೆ ಬಿಟ್ಟು, ಹರಿಗೋಲನ್ನು ದಡಕ್ಕೆ ಕಳಿಸಿ, ದೋಣಿ ಬಾರಿಸತೊಡಗಿದೆವು. ಅರ್ಧ ಕೆಲಸ ಆಗುವಷ್ಟರಲ್ಲಿ ಪಡುವಣದಿಂದ ಮುಂಗಾರಿಗೆ ಮುಂಚಿನ ಗಾಳಿ ಎದ್ದಿತು. ನೋಡುನೋಡುತ್ತಾ ನೀರು ಕಪ್ಪಾಗಿ, ಅಲೆಗಳಿಗೆ ಬಿಳಿ ತುದಿ ಬಂತು. ಅವರ ಒಂದು ಹರಿಗೋಲು ಹೇಗೋ ದಡ ಹಿಡಿಯಿತು. ಇನ್ನೊಂದು ತಿರುಗುತ್ತಾ ತಿರುಗುತ್ತಾ ಕೂಳೆಗಳ ಕಡೆಗೆ ಹೋಗಿ, ತಾಗಿ, ಹರಿಯಿತು. ಇಬ್ಬರು ಆಳುಗಳು ಒಂದು ಕೂಳೆಯನ್ನು ತಬ್ಬಿ ನೀರಿನಲ್ಲಿ ನೇತಾಡುತ್ತಿದ್ದರು. ಏರಿಯ ಮೇಲಿನ ಕೂಗು ನಮ್ಮ ತನಕ ಕೇಳಿತು.

ನಮ್ಮ ಬಲೆಯಲ್ಲಿ ಆಗಲೇ ಮೀನು ಬಿದ್ದಿತ್ತು. ಬೆಂಡುಗಳು ಕುಣಿಯುತ್ತಿದ್ದವು. ಬಿಟ್ಟು ಹೋದರೆ ಈ ಗಾಳಿಗೆ ಬಲೆ ಕೂಳೆಗೆ ಸಿಕ್ಕಿ ಚಿಂದಿಯಾಗುತ್ತದೆ, ತೋರಿಸಲು ಏನೂ ಉಳಿಯುವುದಿಲ್ಲ. ನಾನು ದುರ್ಗಪ್ಪನ ಮುಖ ನೋಡಿದೆ. ಬಲೆ ಅವನದು, ಕೆರೆ ಅವನದು. ಅವನು ಆಗಲೇ ಬಲೆಯ ಹಗ್ಗ ಬಿಟ್ಟು ಹುಟ್ಟಿಗೆ ಕೈ ಹಾಕಿದ್ದ.

"ಏನ್ ನೋಡ್ತೀರ್ರೀ ಸಾಹೇಬ್ರ? ಹಾಕ್ರೀ ಹುಟ್ಟು!"

ಗಾಳಿಗೆ ಎದುರಾಗಿ ಹೋದೆವು. ಅಲೆ ಮೂತಿಗೆ ಬಡಿದು ಮೈಮೇಲೆ ಬಿತ್ತು, ತಳ ಕೂಳೆಗೆ ಉಜ್ಜಿ ಕಿರುಚಿತು. ನನ್ನ ಹಲ್ಲೆಲ್ಲ ಜುಮ್ಮೆಂದಿತು. ಪ್ಲೇಟು ತಗ್ಗಾಯಿತೇ ಹೊರತು ಹರಿಯಲಿಲ್ಲ. ಡಿಸೋಜ ಸಾಹೇಬರು ಹಿಂದೆ ಕೂತು ಒಂದು ಹುಟ್ಟಿನಿಂದ ದಿಕ್ಕು ಹಿಡಿದಿದ್ದರು. ಅವರ ಕಡಲ ವಿದ್ಯೆ ಎಷ್ಟು ದೊಡ್ಡದೆಂದು ನಾನು ಕಂಡದ್ದು ಅವತ್ತು. ಇಬ್ಬರನ್ನೂ ಒಂದೇ ಬದಿಯಿಂದ ಒಳಗೆಳೆದೆವು, ದೋಣಿ ಬಾಗಿತು, ಮಗುಚಲಿಲ್ಲ. ಅವರಲ್ಲೊಬ್ಬ ನಡುಗುತ್ತಾ, "ನಿಮ್ಮ ಬಲಿ ಹೋಗ್ತೈತಿ" ಎಂದ. "ಹಂಗಾರ ನೀನೂ ಒಂದು ಕೈ ಹಚ್ಚು" ಎಂದ ದುರ್ಗಪ್ಪ. ಹೀಗೆ ಎರಡೂ ಕಡೆಯವರು ಸೇರಿ, ಉಳಿದಷ್ಟು ಬಲೆಯನ್ನು ಎಳೆದು ದಡಕ್ಕೆ ಬಂದೆವು. ಅರ್ಧ ಬಲೆ ಹರಿದಿತ್ತು. ಇನ್ನರ್ಧದಲ್ಲಿ ದುರ್ಗಪ್ಪನ ತೊಡೆಯಷ್ಟು ದಪ್ಪದ ಕಾಟ್ಲಾಗಳು ಬಾಲ ಬಡಿಯುತ್ತಿದ್ದವು.

ಅಮಲ್ದಾರರು ಮೀನನ್ನು ಒಮ್ಮೆ, ಒದ್ದೆಯಾದ ಆಳುಗಳನ್ನು ಒಮ್ಮೆ ನೋಡಿ ಗುತ್ತಿಗೆದಾರನ ಕಡೆ ತಿರುಗಿದರು. "ನಿಮಗೇನಾದ್ರೂ ಹೇಳೋದಿದೆಯಾ?" ಅವನು ತನ್ನ ಆಳುಗಳಿಗೆ ಹೊದೆಯಲು ಕಂಬಳಿ ಹುಡುಕುತ್ತಿದ್ದ. "ಏನೂ ಇಲ್ಲ ಸ್ವಾಮಿ" ಎಂದ. ಕೆರೆ ಸಂಘಕ್ಕೇ ಉಳಿಯಿತು. ಕೇರಿಯ ಹೆಂಗಸರು ಕೂಗಿದ ಕೂಗಿಗೆ ಅಮಲ್ದಾರರ ಕೊಡೆ ಕೈಜಾರಿತು.

ನಾನು ಅಂಗಿ ಹಿಂಡಿಕೊಳ್ಳುತ್ತಿದ್ದೆ. ವೀರಭದ್ರಪ್ಪನವರು ಗಂಟಿನಿಂದ ಒಂದು ಹೊಸ ಪಂಚೆ ತೆಗೆದು ನನ್ನ ಕೈಗೆ ಕೊಟ್ಟರು.

"ಅವರನ್ನ ಎಳ್ಕೊಂಡ್ರಲ್ಲ, ಅದು ಯಾವ ಇಲಾಖೆ ಕೆಲಸ?" ಎಂದರು.

"ಯಾವ ಇಲಾಖೇದೂ ಅಲ್ರೀ."

ಗಂಟು ಮತ್ತೆ ಕಟ್ಟುತ್ತಾ, "ಹಂಗಾದ್ರೆ ನೆಂಟರು ಕೇಳಿದ್ರೆ ದೋಣಿ ಇಲಾಖೆ ಅಂತೀನಿ. ಸುಳ್ಳಾಗಲ್ಲ ಅಲ್ಲ?" ಎಂದರು. ಲಗ್ನಪತ್ರಿಕೆ ಆ ವಾರವೇ ಅಚ್ಚಿಗೆ ಹೋಯಿತು. ಸೊರಬದಲ್ಲಿ ನನಗೆ ಈಗಲೂ ದೋಣಿ ಅಳಿಯ ಎಂದೇ ಹೆಸರು.

ಇಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ದೋಣಿ ಕೊಳ್ಳುವುದು ಒಂದು ಕೆಲಸ, ಇಟ್ಟುಕೊಳ್ಳುವುದು ಇನ್ನೊಂದು. ನಮ್ಮ ಸಾಹೇಬರ ಮೇಲಿನ ದೊಡ್ಡ ಸಾಹೇಬರೊಬ್ಬರು ಈ ಸುದ್ದಿ ಕೇಳಿ ಸಂತೋಷಪಟ್ಟು, ಸಂಘದ ಹೆಸರು ಕೆತ್ತಿದ ಹಿತ್ತಾಳೆ ಫಲಕವನ್ನು ಮೂತಿಗೆ ಜಡಿಸಿ ಎಂದು ಕಳಿಸಿದರು. ಡಿಸೋಜ ಸಾಹೇಬರು ತಲೆ ಚಚ್ಚಿಕೊಂಡರು. ಆದರೂ ಮೇಲಿನ ಆಜ್ಞೆ, ಜಡಿಸಿದರು. ಅಲ್ಯೂಮಿನಿಯಮ್ಮಿಗೂ ಹಿತ್ತಾಳೆಗೂ ಒದ್ದೆಯಲ್ಲಿ ಆಗಿಬರುವುದಿಲ್ಲ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಫಲಕದ ಸುತ್ತ ಪ್ಲೇಟು ಸುಣ್ಣದಂತೆ ಬಿಳಿ ಪುಡಿಯಾಗಿ ಉದುರತೊಡಗಿತು. ದೊಡ್ಡ ಸಾಹೇಬರು ತನಿಖೆಗೆ ಬಂದು ಮೂತಿ ಹಿಡಿದು ನಿಂತಾಗ ಫಲಕ ಅವರ ಕೈಗೇ ಬಂತು. "ಭದ್ರವಾಗಿ ಕೂರಿಸಿಲ್ಲ" ಎಂದರು. "ಹೌದು ಸಾರ್" ಎಂದರು ನಮ್ಮ ಸಾಹೇಬರು. ಅಲ್ಯೂಮಿನಿಯಂ ದೋಣಿಗೆ ಹಿತ್ತಾಳೆ, ತಾಮ್ರದ ಮೊಳೆಯೊಂದನ್ನೂ ತಾಗಿಸಬೇಡಿ. ಜಡಿಸಲೇಬೇಕಾದರೆ ನಡುವೆ ರಬ್ಬರು ಇಡಿ. ದೊಡ್ಡ ಸಾಹೇಬರಿಗೆ ಏನು ಹೇಳಬೇಕೆಂಬುದನ್ನು ನೀವೇ ಕಲಿಯಬೇಕು.

ನನಗೆ ಇಷ್ಟವಾದ ದಿನ ಬೇರೆ ಇದೆ. ಆ ವರ್ಷ ಮಳೆ ಮುಗಿದು ಹಿನ್ನೀರು ತುಂಬಿ ನಿಂತಿತ್ತು. ಮದುವೆಯಾಗಿ ಸ್ವಲ್ಪ ದಿನವಾಗಿತ್ತು. ಪಾರ್ವತಿ ದೋಣಿ ನೋಡಬೇಕೆಂದಳು, ಕರೆದುಕೊಂಡು ಹೋದೆ. ದಡದಲ್ಲಿ ದುರ್ಗಪ್ಪನ ಹೆಂಡತಿ ಗೌರಮ್ಮ ಬುಟ್ಟಿ ತೊಳೆಯುತ್ತಿದ್ದಳು. ಅದೇ ಕೆರೆಯ ಮೀನನ್ನು ತಲೆಯ ಮೇಲೆ ಹೊತ್ತು ತಾಳಗುಂದ, ಶಿಕಾರಿಪುರದ ಸಂತೆಗಳಲ್ಲಿ ಮಾರಿಯೇ ಕೂದಲು ನರೆತವಳು. ಪಾರ್ವತಿ ದೋಣಿ ಹತ್ತಿ, "ನೀವೂ ಬನ್ನಿ ಗೌರಮ್ಮ" ಎಂದಳು.

"ನಾನಾ? ಇಲ್ರೀ ಅಮ್ಮ. ಹರಿಗೋಲು ಹೆಂಗಸರು ಹತ್ತಬಾರ್ದಂತ."

"ಇದು ಹರಿಗೋಲಲ್ಲವಲ್ಲ" ಎಂದಳು ಪಾರ್ವತಿ.

ಗೌರಮ್ಮ ಗಂಡನ ಮುಖ ನೋಡಿದಳು. ದುರ್ಗಪ್ಪ ತಲೆ ಕೆರೆದುಕೊಂಡು, "ದೋಣಿಗೇನೂ ಹೇಳಿಲ್ಲ ಬಿಡು, ಹತ್ತು" ಎಂದ. ಅವಳು ಬುಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಹತ್ತಿದಳು. ದಡ ಬಿಟ್ಟ ಕೂಡಲೇ ಕಣ್ಣು ಮುಚ್ಚಿ ಪಾರ್ವತಿಯ ಕೈ ಬಿಗಿಯಾಗಿ ಹಿಡಿದಳು. ದುರ್ಗಪ್ಪ ಸದ್ದು ಮಾಡದೆ ಹುಟ್ಟು ಹಾಕಿದ. ನಡುನೀರಿಗೆ ಬಂದಾಗ ಗಾಳಿ ಇರಲಿಲ್ಲ.

"ಕಣ್ಣು ಬಿಡಿ" ಎಂದಳು ಪಾರ್ವತಿ.

ಗೌರಮ್ಮ ಕಣ್ಣು ಬಿಟ್ಟು, ಮೊದಲು ನೀರು ನೋಡಿದಳು. ಆಮೇಲೆ ದಡದ ಕಡೆ ತಿರುಗಿದಳು. ದಿಬ್ಬದ ಮೇಲೆ ಅವಳ ಕೇರಿ, ಒಣಹಾಕಿದ ಬಲೆಗಳು, ಹುಲ್ಲಿನ ಮನೆಗಳ ಮೇಲೆ ಏಳುತ್ತಿದ್ದ ಹೊಗೆ, ಅದರ ಹಿಂದೆ ಹಸಿರು ಗದ್ದೆಗಳು. ಬಹಳ ಹೊತ್ತು ನೋಡಿದಳು. ಬುಟ್ಟಿ ಮಡಿಲಿನಿಂದ ಜಾರಿ ಪ್ಲೇಟಿನ ಮೇಲೆ ಬಿದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಅದು ನಮ್ಮನೀನಾ?" ಎಂದು ಗಂಡನನ್ನು ಕೇಳಿದಳು.

"ಹೂಂ."

"ಇಷ್ಟು ಚಂದ ಕಾಣ್ತೈತಂತ ನೀ ಯಾವತ್ತೂ ಹೇಳೇ ಇಲ್ಲ ನೋಡು."

ದುರ್ಗಪ್ಪ ಹುಟ್ಟು ಎತ್ತಿ ತೊಡೆಯ ಮೇಲಿಟ್ಟುಕೊಂಡ. ದೋಣಿಯನ್ನು ನೀರು ತನ್ನ ಪಾಡಿಗೆ ಒಯ್ಯಲಿ ಎಂದು ನಾವು ನಾಲ್ವರೂ ಅಲ್ಲೇ ಕೂತೆವು.